ಒಂಬತ್ತನೇ ತಿರುವಿನ ಹಳದಿ ಬೊಟ್ಟು

ಚೂರು ಇನ್ನೂ ಜೇಬಿನಲ್ಲೇ ಇದೆಯೇ ಎಂದು ಮರೀಸಾ ವೆಲ್ಲಾ ಆ ಬೆಳಿಗ್ಗೆ ನಾಲ್ಕನೇ ಸಲ ಮುಟ್ಟಿ ನೋಡಿಕೊಂಡಳು. ಇತ್ತು. ಎಲ್ಲಿಗೆ ಹೋಗುತ್ತದೆ? ಹೆಬ್ಬೆರಳಿನ ಉಗುರಿನಷ್ಟು ಅಗಲ, ಐದು ಸೆಂಟಿನ ನಾಣ್ಯದಷ್ಟು ದಪ್ಪ, ಒಣಗಿದ ಹಳದಿ ಬಣ್ಣದ ಒಂದು ಚೂರು. ಮಂಗಳವಾರದಿಂದ ಅದು ಒಂದು ಪ್ಯಾಂಟಿನ ಜೇಬಿನಿಂದ ಇನ್ನೊಂದರ ಜೇಬಿಗೆ ವರ್ಗವಾಗುತ್ತ ಬಂದಿತ್ತು. ಬುಧವಾರ ಸಂಜೆ ಬಟ್ಟೆ ಒಗೆಯಲು ಹಾಕುವಾಗ ಅದನ್ನು ಕಸದ ಬುಟ್ಟಿಯ ಮೇಲೆ ಹಿಡಿದುಕೊಂಡು ನಿಂತಿದ್ದಳು. ಬೆರಳು ಸಡಿಲಿಸಿದರೆ ಮುಗಿಯಿತು, ಬೆರಳು ಸಡಿಲಲಿಲ್ಲ. ಎಸೆಯಲೂ ಆಗಲಿಲ್ಲ, ಯಾರಿಗಾದರೂ ತೋರಿಸಲೂ ಆಗಲಿಲ್ಲ. ಇವತ್ತು ಶುಕ್ರವಾರ. ಕಾರು ನಿಲ್ಲಿಸುವ ಮೈದಾನದಿಂದ ಗೇಟಿನವರೆಗೆ ನಡೆಯುವಷ್ಟರಲ್ಲಿ ಬೆನ್ನು ಬೆವೆತಿತ್ತು. ನಾಲಿಗೆ ತನ್ನಷ್ಟಕ್ಕೆ ಎಡಗಡೆಯ ದವಡೆ ಹಲ್ಲಿನ ಮೇಲೆ ಓಡಾಡುತ್ತಿತ್ತು. ಹೋದ ತಿಂಗಳು ದಂತವೈದ್ಯೆ ಆ ಹಲ್ಲಿಗೆ ದೀಪ ಹಿಡಿದು, "ನಿದ್ದೇಲಿ ಹಲ್ಲು ಕಡೀತೀರಾ? ಮೇಲೆ ಚೆನ್ನಾಗಿ ಕಾಣ್ಸುತ್ತೆ, ಒಳಗೆ ಅರ್ಧ ಸವೆದು ಹೋಗಿದೆ" ಎಂದಿದ್ದಳು. ತಾನು ಕಡಿಯುವುದಿಲ್ಲ ಎಂದು ಮರೀಸಾ ಖಡಾಖಂಡಿತವಾಗಿ ಹೇಳಿ ಬಂದಿದ್ದಳು. ನಿದ್ದೆಯಲ್ಲಿ ಏನು ಮಾಡುತ್ತೇನೆಂದು ತನಗೆ ಹೇಗೆ ಗೊತ್ತು ಎಂಬುದು ಕಾರಿಗೆ ಹತ್ತಿದ ಮೇಲೆ ಹೊಳೆದಿತ್ತು.

ಆರೂವರೆಯ ಬೆಳಗಿನ ಸಭೆಗೆ ಎಲ್ಲರೂ ತಗಡಿನ ಚಾವಣಿಯ ಕೆಳಗೆ ಸೇರಿದ್ದರು. ಕಂಟ್ರೋಲ್ ರೂಮಿನ ಟ್ರೆವ್ ಕೈಯಲ್ಲಿದ್ದ ಹಾಳೆ ನೋಡಿ ಎಂದಿನ ಮಾತುಗಳನ್ನೇ ಓದಿದ: ಸೊಂಟದಲ್ಲಿ ಕಣ್ಣು ತೊಳೆಯುವ ಬಾಟಲಿ ಇರಲಿ, ಕಾಸ್ಟಿಕ್ ಮೈಗೆ ತಾಗಿದರೆ ಯೋಚಿಸುತ್ತ ನಿಲ್ಲಬೇಡಿ, ಹತ್ತಿರದ ಷವರ್ ಕೆಳಗೆ ಓಡಿ. ಕೆಂಪು ಮಣ್ಣನ್ನು ಮೈ ಸುಡುವ ಕಾಸ್ಟಿಕ್ ನೀರಿನಲ್ಲಿ ಕುದಿಸಿ ಅಲ್ಯೂಮಿನಿಯಮ್ಮಿನ ಬಿಳಿ ಪುಡಿ ತೆಗೆಯುವ ಆ ಕಾರ್ಖಾನೆಯಲ್ಲಿ ಹದಿನೈದು ವರ್ಷ ಕಳೆದವರಿಗೆ ಈ ಮಾತು ಮಳೆ ಶಬ್ದದಂತೆ. ಕೇಳಿಸುತ್ತದೆ, ಯಾರೂ ಕೇಳುವುದಿಲ್ಲ. ಕೊನೆಗೆ ಟ್ರೆವ್ ಹಾಳೆ ಮಡಚಿ, "ಇನ್ನೊಂದು ಅಪಾಯ ಇದೆ. ಇವತ್ತು ಮಧ್ಯಾಹ್ನ ಕ್ಲೆಮ್ ಭಾಷಣ ಮಾಡ್ತಾನೆ" ಎಂದ. ಎಲ್ಲರೂ ನಕ್ಕರು. ಕ್ಲೆಮ್ ಹಾರ್ಗನ್ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದ. ಅರವತ್ತನಾಲ್ಕು ವರ್ಷ, ಬಿಸಿಲಿಗೆ ಸುಲಿದ ಮೂಗು. ಮೂವತ್ತೊಂದು ವರ್ಷದಿಂದ ಆ ಕಾರ್ಖಾನೆಯ ಕೊಳವೆಗಳ ದಪ್ಪ ಅಳೆಯುವುದೇ ಅವನ ಕೆಲಸ. ಇವತ್ತು ನಿವೃತ್ತಿ.

"ಮೂವತ್ತೊಂದು ವರ್ಷ ಎಲ್ಲಾನೂ ನಾನು ಅಳೆದೆ. ನನ್ನನ್ನ ಯಾರೂ ಅಳೀಲಿಲ್ಲ, ಅದೇ ಪುಣ್ಯ," ಎಂದ ಕ್ಲೆಮ್.

"ಹತ್ತು ಗಂಟೆಗೆ ಒಂಬತ್ತನೇ ತಿರುವು," ಎಂದು ಟ್ರೆವ್ ಮುಂದುವರಿಸಿದ. "ಕ್ಲೆಮ್ ಕೊನೇ ಬೊಟ್ಟು ಇಡ್ತಾನೆ. ಹೆಸರು ಬರೆಯೋರು ಬನ್ನಿ. ಪೆನ್ನು ಕದಿಯೋರು ಬರಬೇಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಒಂಬತ್ತನೇ ತಿರುವು ಎಂಬ ಮಾತು ಕಿವಿಗೆ ಬಿದ್ದದ್ದೇ ಮರೀಸಾಳ ಕೈ ಐದನೇ ಸಲ ಜೇಬಿಗೆ ಹೋಯಿತು. ಕ್ಲೆಮ್ ಅದನ್ನು ನೋಡಿದನೆಂದು ಅವಳಿಗೆ ಅನ್ನಿಸಿತು. ನೋಡಿರಲಿಕ್ಕಿಲ್ಲ. ಆದರೂ ಕೈಯನ್ನು ಹೊರಗೆ ತೆಗೆಯುವುದೋ ಅಲ್ಲೇ ಬಿಡುವುದೋ ತಿಳಿಯದೆ, ಕೊನೆಗೆ ಕರವಸ್ತ್ರ ಹುಡುಕುವವಳಂತೆ ನಟಿಸಿದಳು. ಅವಳ ಹತ್ತಿರ ಕರವಸ್ತ್ರ ಇರುತ್ತಲೇ ಇರಲಿಲ್ಲ.

ಯಾವ ಯಂತ್ರ, ಯಾವ ಕೊಳವೆ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುವುದು ಅವಳ ಉದ್ಯೋಗ. ಕಬ್ಬಿಣದ ಜಾತಕ ಬರೆಯುವವಳು ಎನ್ನಬಹುದು. ಎಲ್ಲವೂ ಸವೆಯುತ್ತದೆ, ಅದರಲ್ಲಿ ಅವಳಿಗೆ ಬೇಸರವಿರಲಿಲ್ಲ. ಎಷ್ಟು ಬೇಗ ಸವೆಯುತ್ತದೆ ಎಂಬುದೊಂದೇ ಪ್ರಶ್ನೆ. ವರ್ಷವರ್ಷದ ಅಳತೆಗಳನ್ನು ಚುಕ್ಕೆಗಳಾಗಿ ಇಟ್ಟು, ಚುಕ್ಕೆಗಳ ಮೇಲೆ ಗೆರೆ ಎಳೆದು, ಆ ಗೆರೆ ಆರು ಮಿಲಿಮೀಟರಿಗೆ ಇಳಿಯುವ ದಿನ ಯಾವುದೆಂದು ನೋಡಿದರೆ ಆಯಿತು. ಅದರೊಳಗೆ ಕೊಳವೆ ಬದಲಿಸಬೇಕು. ಎಂಟು ವರ್ಷದ ಹಿಂದೆ ಅವಳು ಈ ವಿಭಾಗಕ್ಕೆ ಬಂದಾಗ ಚುಕ್ಕೆಗಳೆಲ್ಲ ಚೆಲ್ಲಾಪಿಲ್ಲಿ. ಒಬ್ಬ ಇಲ್ಲಿ ಅಳೆದರೆ ಇನ್ನೊಬ್ಬ ಅಲ್ಲಿ. ಅವಳೇ ಕಾನೂನು ಮಾಡಿದಳು: ಕೊಳವೆ ಬಾಗುವ ಪ್ರತಿ ತಿರುವಿನ ಹೊದಿಕೆಯಲ್ಲಿ ಅಂಗೈಯಗಲದ ಕಿಟಕಿ, ಅದಕ್ಕೊಂದು ಮುಚ್ಚಳ, ಒಳಗೆ ಕೊಳವೆಯ ಮೈಮೇಲೆ ಒಂದು ಹಳದಿ ಬೊಟ್ಟು. ಮೂರು ತಿಂಗಳಿಗೊಮ್ಮೆ ಬೊಟ್ಟಿನ ಮೇಲೆಯೇ ಅಳೆಯಬೇಕು, ಒಂದು ಕೂದಲಿನಷ್ಟೂ ಆಚೀಚೆ ಸರಿಯಬಾರದು. ಅಳೆದಾದ ಮೇಲೆ ಬೊಟ್ಟು ಮಾಸದಂತೆ ಮತ್ತೆ ಬಣ್ಣ ಹಚ್ಚಬೇಕು. ಕ್ಲೆಮ್‌ಗೆ ಇದು ಬಹಳ ಹಿಡಿಸಿತ್ತು. ಸಮುದ್ರದ ಉಪ್ಪು ಗಾಳಿಗೆ ಕಬ್ಬಿಣ ಬೋಳು ಬಿಡಬಾರದು ಎಂಬುದು ಅವನ ಹಳೆಯ ಹಟ. ಸಣ್ಣ ಡಬ್ಬಿ, ಸಣ್ಣ ಕುಂಚ, ಬಾಯಿಯ ಮೂಲೆಯಲ್ಲಿ ತುದಿ ಕಾಣುವ ನಾಲಿಗೆ. ಮದುವೆ ಹೆಣ್ಣಿಗೆ ಬೊಟ್ಟಿಡುವವರ ಹಾಗೆ ಇಡುತ್ತಿದ್ದ. ಒಂದೆರಡು ವರ್ಷದಲ್ಲೇ ಚುಕ್ಕೆಗಳು ಸಾಲಾಗಿ ನಿಂತವು. ಅಷ್ಟೇ ಅಲ್ಲ, ವರ್ಷಕ್ಕೆ ಅರ್ಧ ಮಿಲಿಮೀಟರ್ ಸವೆಯುತ್ತಿದ್ದ ನಾಲ್ಕನೇ ಸಾಲಿನ ಕೊಳವೆ ಸವೆಯುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿತು. ತಾನು ಕಾಸ್ಟಿಕ್ ನೀರಿನ ಓಟ ತಗ್ಗಿಸಲು ಹೇಳಿದ್ದರ ಫಲ ಇದು ಎಂದು ಅವಳು ಬ್ರಿಸ್ಬೇನಿನ ಒಂದು ಸಮ್ಮೇಳನದಲ್ಲಿ ಇನ್ನೂರು ಜನರ ಮುಂದೆ ಗೆರೆ ತೋರಿಸಿ ಹೇಳಿದ್ದಳು. ಚಪ್ಪಾಳೆ ಬಿದ್ದಿತ್ತು. ಆವತ್ತಿನಿಂದ ಕ್ಲೆಮ್ ಅವಳನ್ನು ಪ್ರೊಫೆಸರಮ್ಮ ಎಂದು ಕರೆಯತೊಡಗಿದ್ದ. ಅವಳು ಬೇಡವೆನ್ನುತ್ತಿದ್ದಳು, ಕರೆಯದಿದ್ದ ದಿನ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು.

ಮಂಗಳವಾರ ಅವಳು ಆ ನಾಲ್ಕನೇ ಸಾಲಿನ ಒಂಬತ್ತನೇ ತಿರುವಿಗೆ ಸುಮ್ಮನೆ ಹೋಗಿದ್ದಳು. ಶುಕ್ರವಾರದ ಬೀಳ್ಕೊಡುಗೆಗೆ ಒಂದು ಫೋಟೋ ಬೇಕಿತ್ತು. ಮುಚ್ಚಳ ತೆಗೆದಾಗ ಬೊಟ್ಟಿನ ಅಂಚು ಒಂದು ಕಡೆ ಸ್ವಲ್ಪ ಎದ್ದಿತ್ತು. ಗಾಯದ ಹಕ್ಕಳೆ ಕಂಡರೆ ಕೈ ಸುಮ್ಮನಿರುವುದಿಲ್ಲವಲ್ಲ, ಕೈಗವಸಿನ ಬೆರಳಿನಿಂದ ಎಬ್ಬಿದಳು. ಟಕ್ಕೆಂದು ಚೂರು ಅಂಗೈಗೆ ಬಿತ್ತು. ಬಣ್ಣ ಇಷ್ಟು ದಪ್ಪವಿರುತ್ತದೆಯೇ ಎಂದು ಅಂಚು ತಿರುಗಿಸಿ ನೋಡಿದಳು. ಪದರದ ಮೇಲೆ ಪದರ, ಕಡು ಹಳದಿ, ತಿಳಿ ಹಳದಿ, ಮತ್ತೆ ಕಡು. ಹದಿನೇಳರವರೆಗೆ ಎಣಿಸಿದಳು, ಆಮೇಲೆ ಎಣಿಸಲಿಲ್ಲ. ಎಣಿಸುವ ಅಗತ್ಯವೂ ಇರಲಿಲ್ಲ: ವರ್ಷಕ್ಕೆ ನಾಲ್ಕು, ಎಂಟು ವರ್ಷ, ಮೂವತ್ತೆರಡು. ದಪ್ಪ ಅಳೆಯುವ ಯಂತ್ರ ಕೊಳವೆಯೊಳಕ್ಕೆ ಒಂದು ಸದ್ದು ಕಳಿಸಿ ಅದು ಮರಳಿ ಬರಲು ಎಷ್ಟು ಹೊತ್ತಾಯಿತೆಂದು ನೋಡುತ್ತದೆ, ಅಷ್ಟೇ. ದಾರಿಯಲ್ಲಿ ಇರುವುದೆಲ್ಲ ಕಬ್ಬಿಣ ಎಂದೇ ಅದರ ನಂಬಿಕೆ. ಬಣ್ಣದಲ್ಲಿ ಸದ್ದು ನಿಧಾನ. ಒಂದು ಮಿಲಿಮೀಟರ್ ಬಣ್ಣ ಅದಕ್ಕೆ ಎರಡೂವರೆ ಮಿಲಿಮೀಟರ್ ಕಬ್ಬಿಣ. ಒಂದು ಪದರ ಲೆಕ್ಕಕ್ಕಿಲ್ಲ ಎಂದು ಅವಳೇ ಮೊದಲ ವರ್ಷ ಬರೆದುಕೊಟ್ಟಿದ್ದಳು. ಕೊಳವೆ ಒಳಗಿನಿಂದ ಸವೆಯುತ್ತಿದ್ದಂತೆ ಹೊರಗಿನಿಂದ ಕ್ಲೆಮ್ ಕುಂಚ ಹಿಡಿದು ಅಷ್ಟಷ್ಟೇ ತುಂಬಿಸುತ್ತ ಬಂದಿದ್ದ. ಬ್ರಿಸ್ಬೇನಿನವರು ಚಪ್ಪಾಳೆ ತಟ್ಟಿದ್ದು ಬಣ್ಣಕ್ಕೆ. ಚೂರು ಬಿದ್ದಲ್ಲಿ ಬರಿಯ ಕಬ್ಬಿಣ ಮಿಣುಗುತ್ತಿತ್ತು. ಅಳೆಯುವ ಯಂತ್ರ ಅವಳ ಹೆಗಲಿನ ಚೀಲದಲ್ಲೇ ಇತ್ತು. ಅಲ್ಲಿ ಇಟ್ಟು ನೋಡಿದ್ದರೆ ಮೂರು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ಅದಕ್ಕೇ ಇಡಲಿಲ್ಲ. ಅಳೆದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ. ಮುಚ್ಚಳ ಹಾಕಿ ಕೆಳಗಿಳಿದಳು. ಇಳಿಯುವಾಗಲೇ ನೆಪವೂ ಸಿಕ್ಕಿತು: ಇದು ಕ್ಲೆಮ್‌ನ ಕೊನೆಯ ವಾರ. ಮೂವತ್ತೊಂದು ವರ್ಷ ದುಡಿದವನ ಕೊನೆಯ ವಾರವನ್ನು ಹಾಳು ಮಾಡಬಾರದು, ಸೋಮವಾರ ಹೇಳಿದರಾಯಿತು. ಎಂಥ ಒಳ್ಳೆಯ ನೆಪವೆಂದರೆ, ರಾತ್ರಿ ಊಟದ ಹೊತ್ತಿಗೆ ಅವಳಿಗೆ ತನ್ನ ಮೇಲೆ ತನಗೇ ಒಂದಿಷ್ಟು ಮೆಚ್ಚುಗೆಯೂ ಬಂದಿತ್ತು.

ಆದರೆ ಬುಧವಾರ ಕ್ಲೆಮ್‌ನ ಹೆಂಡತಿ ಪಾಮ್ ಬಂದಳು. ನಿವೃತ್ತರಾಗುವವರ ಮನೆಯವರಿಗೆ ಒಂದು ಸಲ ಒಳಗೆ ಬಂದು ನೋಡಲು ಅವಕಾಶವಿದೆ. ಅವಳ ತಲೆಗೆ ಹೆಲ್ಮೆಟ್ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು. "ನನ್ನ ಸವತಿ ಯಾವಳು, ತೋರ್ಸು" ಎಂದು ಅವಳು ಗಂಡನನ್ನು ಕೇಳಿದಳು. ಕ್ಲೆಮ್ ಅವಳನ್ನು ನೇರವಾಗಿ ಒಂಬತ್ತನೇ ತಿರುವಿನ ಕೆಳಗೆ ಕರೆತಂದು, ಮೇಲೆ ಕೈ ತೋರಿಸಿ, "ಇವಳೇ" ಎಂದ. ಅಲ್ಲಿ ಕೊಳವೆ ಕ್ಯಾಂಟೀನಿಗೆ ಹೋಗುವ ಕಾಲುದಾರಿಯ ಮೇಲೆ ಹಾದುಹೋಗುತ್ತದೆ. ಆಳಿಗಿಂತ ಒಂದು ಮೊಳ ಎತ್ತರ, ಅಷ್ಟೇ. ಮರೀಸಾ ಕಾಫಿ ಲೋಟ ಹಿಡಿದು ಅದೇ ದಾರಿಯಲ್ಲಿ ಬಂದಳು, ಕ್ಲೆಮ್ ತನ್ನ ಫೋನನ್ನು ಅವಳ ಕೈಗೆ ತುರುಕಿದ. ಗಂಡಹೆಂಡತಿ ಕೊಳವೆಯ ಕೆಳಗೆ ತೋಳಿಗೆ ತೋಳು ಸೇರಿಸಿ ನಿಂತರು. ಫೋನಿನ ಪರದೆಯಲ್ಲಿ ಇಬ್ಬರ ನಗುಮುಖ, ಮೇಲೆ ತಿರುವು. ಒಳಗೆ ಕುದಿಯುವಷ್ಟು ಬಿಸಿಯ ಕಾಸ್ಟಿಕ್ ಓಡುವ ಸದ್ದು ಅವಳ ಹಲ್ಲಿನವರೆಗೆ ಬರುತ್ತಿತ್ತು. "ಆ ಕಡೆ ಬನ್ನಿ, ಅಲ್ಲಿ ಬೆಳಕು ಚೆನ್ನಾಗಿದೆ," ಎಂದಳು. ಪಾಮ್ ಒಪ್ಪಲಿಲ್ಲ. ಬೊಟ್ಟಿನ ಕಿಟಕಿ ಕಾಣಬೇಕಂತೆ. "ಬೇಗ ನಗಿ ಹಾಗಾದ್ರೆ," ಎಂದಳು ಮರೀಸಾ. ಅವಳ ದನಿ ಗೀರಿದಂತೆ ಬಂದದ್ದಕ್ಕೆ ಪಾಮ್ ಒಂದು ಕ್ಷಣ ಪೆಚ್ಚಾದಳು. ಮರೀಸಾ ನಾಲ್ಕು ಫೋಟೋ ತೆಗೆದಳು. ನಾಲ್ಕು ಫೋಟೋ ತೆಗೆಯಲು ಎಷ್ಟು ಹೊತ್ತು? ಇಪ್ಪತ್ತು ಸೆಕೆಂಡು. ಗುರುವಾರವಿಡೀ ಆ ಇಪ್ಪತ್ತು ಸೆಕೆಂಡುಗಳನ್ನು ಅವಳು ಮತ್ತೆ ಮತ್ತೆ ಎಣಿಸಿದ್ದಳು.

ಸಭೆ ಮುಗಿಸಿ ತನ್ನ ಕೋಣೆಗೆ ಬಂದು ಕೂತರೂ ಮುಳ್ಳಿನ ಮೇಲೆ ಕೂತಂತೆ. ಮೇಜಿನ ಮೇಲೆ ಸಹಿ ಹಾಕಬೇಕಾದ ಹಾಳೆ ಇತ್ತು: ನಾಲ್ಕನೇ ಸಾಲು ಬರುವ ಮೇ ತಿಂಗಳವರೆಗೆ ನಿಲ್ಲದೆ ಓಡಬಹುದು. ಅಳತೆಗಳ ಹಳೆಯ ಕಡತ ತೆರೆದಳು, ಎರಡು ವರ್ಷ ಹಿಂದಿನ ಪುಟಕ್ಕೆ ಬಂದಳು, ಮುಚ್ಚಿದಳು, ಮತ್ತೆ ತೆರೆದಳು. ಅಲ್ಲಿ ಒಂದು ಅಂಕಿ ಇತ್ತು, ಆರು ಪಾಯಿಂಟ್ ಏಳು, ಅದರ ಮೇಲೆ ಅಡ್ಡಗೆರೆ. ಗೆರೆ ಎಳೆದದ್ದು ಅವಳೇ. ಕ್ಲೆಮ್ ಬೆನ್ನುನೋವಿನಿಂದ ಮಲಗಿದ್ದ ತಿಂಗಳು ಹೊರಗಿನ ಗುತ್ತಿಗೆಯವರು ಒಬ್ಬನನ್ನು ಕಳಿಸಿದ್ದರು. ಫಿಜಿಯವನು, ಐವತ್ತರ ಹತ್ತಿರದ ವಯಸ್ಸು, ಹೆಸರು ಇಸಿಕೇಲಿ. ದೊಡ್ಡ ಆಳು, ಸಣ್ಣ ದನಿ. ಅವನು ಬೊಟ್ಟಿನ ಮೇಲೆ ಅಳೆದು, ಆಮೇಲೆ ಪಕ್ಕದಲ್ಲಿ ಒಂದಿಷ್ಟು ಜಾಗ ಕೆರೆದು ಅಲ್ಲಿಯೂ ಅಳೆದು, ಎರಡೂ ಅಂಕಿ ಬರೆದು ತಂದ. ಬೊಟ್ಟಿನ ಮೇಲೆ ಒಂಬತ್ತು ಪಾಯಿಂಟ್ ಒಂದು, ಪಕ್ಕದಲ್ಲಿ ಆರು ಪಾಯಿಂಟ್ ಏಳು. ಇಪ್ಪತ್ತು ಜನರಿದ್ದ ಸಭೆ. ಅವಳು ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದ್ದಳು.

"ಬೊಟ್ಟು ಬಿಟ್ಟು ಪಕ್ಕದಲ್ಲಿ ಅಳೀರಿ ಅಂತ ನಿಮಗೆ ಯಾರು ಹೇಳಿದ್ರು?"

"ಬಣ್ಣ ಇತ್ತು ಮೇಡಂ. ಬಣ್ಣ ತೆಗೆದು ಅಳೀಬೇಕು ಅಂತ ನನಗೆ ಕಲ್ಸಿದ್ದು."

"ಇಲ್ಲಿ ಬೊಟ್ಟಿನ ಮೇಲೆ ಅಳೀಬೇಕು ಅಂತ ನಾನು ಕಲಿಸ್ತಿದೀನಿ. ಎರಡು ಇಂಚು ಅಂತರದಲ್ಲಿ ಕೊಳವೆ ಎರಡೂವರೆ ಮಿಲಿಮೀಟರ್ ತೆಳ್ಳಗಾಗುತ್ತಾ? ಇಲಿ ತಿಂತಾ?"

ಸಭೆ ನಕ್ಕಿತು. ಇಸಿಕೇಲಿ ಹೆಲ್ಮೆಟ್ ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ. "ಇನ್ನೊಂದ್ಸಲ ಅಳೀಲಾ ಮೇಡಂ?" ಎಂದ. ಬೇಡ ಎಂದಳು. ಅವನನ್ನು ಮತ್ತೆ ಕಳಿಸಬೇಡಿ ಎಂದು ಗುತ್ತಿಗೆಯವರಿಗೆ ಬರೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದು ಈಗ ಗೊತ್ತಾಗುತ್ತಿದೆ. ಹೋದ ಕ್ರಿಸ್‌ಮಸ್‌ಗೆ ಮುಂಚೆ ಅಂಗಡಿಯಲ್ಲಿ ಅವನು ಎದುರಾಗಿದ್ದ. ಮಾವಿನಹಣ್ಣು ಪೆಟ್ಟಿಗೆಗೆ ತುಂಬುವ ಶೆಡ್ಡಿನ ಹಸಿರು ಅಂಗಿ ತೊಟ್ಟಿದ್ದ, ತಳ್ಳುಗಾಡಿಯಲ್ಲಿ ಟಾರೋ ಗೆಡ್ಡೆ, ಕೋಳಿ. ದೂರದಿಂದಲೇ ನಕ್ಕು, ತನ್ನ ನಾಡಿನ ರೀತಿಯಲ್ಲಿ ನಮಸ್ಕಾರ ಹೇಳುತ್ತ "ಬುಲಾ, ಮೇಡಂ" ಎಂದ. ಅವಳು ಓಟ್ಸ್ ಡಬ್ಬಿಯ ಹಿಂಬದಿಯನ್ನು ಬಹಳ ಮುತುವರ್ಜಿಯಿಂದ ಓದುತ್ತ ನಿಂತಳು. ಅವನು ಸ್ವಲ್ಪ ಹೊತ್ತು ಕಾದು ತಳ್ಳುಗಾಡಿ ತಿರುಗಿಸಿಕೊಂಡು ಹೋದ. ಓಟ್ಸ್‌ನಲ್ಲಿ ಎಷ್ಟು ನಾರಿನಂಶ ಇದೆ ಎಂದು ಅವಳಿಗೆ ಇವತ್ತಿಗೂ ನೆನಪಿದೆ.

ಬಾಗಿಲು ಬಡಿಯದೆ ಮೊರಿಸ್ ಪೈಕ್ ಒಳಗೆ ಬಂದ. ಕಾರ್ಖಾನೆಯ ವ್ಯವಸ್ಥಾಪಕ, ಒಳ್ಳೆಯವನೇ, ಅವಸರದವನು. "ಎರಡು ಗಂಟೆಗೆ ಸಹಿ ಸಿಗುತ್ತೆ ತಾನೆ? ನೀನು ಹಾಕಿದ್ರೆ ಯಾರೂ ಪ್ರಶ್ನೆ ಕೇಳಲ್ಲ, ಅದಕ್ಕೇ ನನಗೆ ನೆಮ್ಮದಿ," ಎಂದ. ಅವಳು ಬಾಯಿ ತೆರೆದಳು. ಒಂದು ವಾಕ್ಯ ನಾಲಿಗೆಯ ತುದಿಯವರೆಗೆ ಬಂತು, ಸವೆದ ಹಲ್ಲನ್ನು ಒಂದು ಸಲ ಸುತ್ತಿ ವಾಪಸಾಯಿತು. "ಹಾಂ," ಎಂದಳು. "ಮೈ ಹುಷಾರಿಲ್ವಾ? ಬೆವರ್ತಿದೀಯ," ಎಂದ ಮೊರಿಸ್. ಸೆಖೆ ಎಂದಳು. ಏರ್‌ ಕಂಡೀಷನರ್ ಅವಳ ತಲೆಯ ಮೇಲೆಯೇ ಗುಂಯ್‌ಗುಡುತ್ತಿತ್ತು. ಅವನು ಹೋದ ಮೇಲೆ ಪೆನ್ನು ತೆಗೆದಳು, ಹೆಸರಿನ ಮೊದಲ ಅಕ್ಷರ ಬರೆದಳು. ಅಲ್ಲಿಗೆ ಪೆನ್ನು ನಿಂತಿತು. ಆ ಒಂದು ಅಕ್ಷರವನ್ನು ನೋಡುತ್ತ ಎಷ್ಟು ಹೊತ್ತು ಕೂತಳೋ, ಹತ್ತಕ್ಕೆ ಐದು ನಿಮಿಷವಿದೆ ಎಂದು ಯಾರೋ ಕಿಟಕಿ ಬಡಿದು ಹೋದರು.

ತಿರುವಿನ ಹತ್ತಿರ ಏಳೆಂಟು ಜನ ಸೇರಿದ್ದರು. ಕೊನೆಯ ದಿನದ ಈ ಶಾಸ್ತ್ರ ಯಾವ ಪುಸ್ತಕದಲ್ಲೂ ಇಲ್ಲ, ಆದರೆ ತಪ್ಪುವುದಿಲ್ಲ. ಫಿಟ್ಟರ್ ಆದವನು ಕೊನೆಯ ಬೋಲ್ಟ್ ಬಿಗಿಯುತ್ತಾನೆ, ಅಳೆಯುವವನು ಕೊನೆಯ ಬೊಟ್ಟು ಇಡುತ್ತಾನೆ. ಉಳಿದವರು ಮುಚ್ಚಳದ ಒಳಬದಿಗೆ ಹೆಸರು ಬರೆಯುತ್ತಾರೆ. ಕ್ಲೆಮ್ ಮೂರು ಮೆಟ್ಟಿಲಿನ ಅಟ್ಟಣಿಗೆ ಹತ್ತಿ, ಡಬ್ಬಿಯನ್ನು ಕಂಬಿಗೆ ಸಿಕ್ಕಿಸಿ, ಕುಂಚವನ್ನು ಕಿವಿಯ ಮೇಲೆ ಇಟ್ಟುಕೊಂಡಿದ್ದ. ಕೆಳಗೆ ಯಾರೋ ಮಾಂಸದ ಪೈ ತಿನ್ನುತ್ತ ಕೊಳವೆಯ ನೆರಳಿನಲ್ಲಿ ನಿಂತಿದ್ದರು.

"ಹತ್ತಿ ಬಾ ಪ್ರೊಫೆಸರಮ್ಮ. ಮೊದಲು ಅಳತೆ, ಆಮೇಲೆ ಬಣ್ಣ. ನಿನ್ನದೇ ಕಾನೂನು," ಎಂದು ಕ್ಲೆಮ್ ಕೂಗಿದ.

ಅವಳು ಹತ್ತಿದಳು. ಕ್ಲೆಮ್ ಮುಚ್ಚಳ ತೆಗೆದವನೇ ಹುಬ್ಬು ಗಂಟಿಕ್ಕಿದ. "ನೋಡಿಲ್ಲಿ. ಯಾವನೋ ನನ್ನ ಬೊಟ್ಟಿನ ಅಂಚು ಕಿತ್ತಿದಾನೆ."

"ಕಾಕಟೂ ಗಿಳಿ ಇರ್ಬೇಕು," ಎಂದು ಕೆಳಗಿನಿಂದ ಟ್ರೆವ್ ಹೇಳಿದ. "ನಮ್ಮನೆ ಟಿವಿ ವೈರೇ ತಿಂದಿತು."

"ಮುಚ್ಚಳ ತೆಗೆದು, ತಿಂದು, ಮತ್ತೆ ಮುಚ್ಚಳ ಹಾಕಿ ಹೋಗೋ ಕಾಕಟೂ. ನಿನಗಿಂತ ಬುದ್ಧಿ ಇದೆ ಅದಕ್ಕೆ," ಎಂದ ಕ್ಲೆಮ್. ಎಲ್ಲರೂ ನಕ್ಕರು. ಮರೀಸಾ ಸದ್ದು ಹಾಯಲು ಲೋಳೆಯ ಹನಿ ಹಾಕಿ ಯಂತ್ರದ ಮೂತಿಯನ್ನು ಬೊಟ್ಟಿನ ನಡುವೆ ಇಟ್ಟಳು. ಒಂಬತ್ತು ಪಾಯಿಂಟ್ ಸೊನ್ನೆ. ಕ್ಲೆಮ್ ಅದನ್ನು ಜೋರಾಗಿ ಓದಿದ, ಕೆಳಗೆ ಶಿಳ್ಳೆ ಹೊಡೆದರು. "ನನಗಿಂತ ಗಟ್ಟಿ ಇವಳು," ಎನ್ನುತ್ತ ಅವನು ಕುಂಚವನ್ನು ಡಬ್ಬಿಗೆ ಅದ್ದಿದ. ಕುಂಚದ ತುದಿಯಿಂದ ಒಂದು ಹನಿ ಜಾರುವುದನ್ನು ಅಂಚಿಗೆ ಒರೆಸಿದ. ನಾಲಿಗೆ ಬಾಯಿಯ ಮೂಲೆಗೆ ಬಂತು. ಮೂವತ್ತಮೂರನೇ ಪದರ. ಅದು ಬಿದ್ದರೆ ಚೂರು ಬಿದ್ದ ಜಾಗ ಮುಚ್ಚಿಹೋಗುತ್ತದೆ, ಸೋಮವಾರದವರೆಗೆ ಯಾರಿಗೂ ಏನೂ ಕಾಣುವುದಿಲ್ಲ. ಸೋಮವಾರ ಬಂದರೆ ಮುಂದಿನ ಸೋಮವಾರ ಇದ್ದೇ ಇರುತ್ತದೆ. ಕೆಳಗೆ ನಿಂತವನು ಪೈ ಮುಗಿಸಿ ಬೆರಳು ನೆಕ್ಕುತ್ತಿದ್ದ.

"ಕ್ಲೆಮ್, ನಿಲ್ಲು."

"ಯಾಕೆ, ಭಾಷಣ ಮಾಡ್ತೀಯಾ?"

"ಕಾಕಟೂ ಅಲ್ಲ. ನಾನು ಕಿತ್ತಿದ್ದು." ಚೂರನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ತಿರುಗಿಸಿದ. ಅಂಚಿನ ಪದರಗಳನ್ನು ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವನ ಮುಖದಲ್ಲಿ ನಗು ಹಾಗೇ ಇತ್ತು, ತೆಗೆಯಲು ಮರೆತವನಂತೆ. ಮರೀಸಾ ಯಂತ್ರದ ಮೂತಿಯನ್ನು ಬೊಟ್ಟಿನ ಮೇಲಿನಿಂದ ಎತ್ತಿ, ಒಂದು ಬೆರಳಿನಷ್ಟು ಪಕ್ಕಕ್ಕೆ, ಬರಿಯ ಕಬ್ಬಿಣದ ಮೇಲೆ ಇಟ್ಟಳು. ಮೂತಿ ನೆಟ್ಟಗೆ ಕೂರದೆ ಅಂಕಿ ಓಡಾಡಿತು. ಕ್ಲೆಮ್ ತನ್ನ ಕೈಯನ್ನು ಅವಳ ಕೈ ಮೇಲಿಟ್ಟು ಒತ್ತಿ ಹಿಡಿದ. ಅಂಕಿ ನಿಂತಿತು. ಐದು ಪಾಯಿಂಟ್ ಎಂಟು, ಆರಕ್ಕೂ ಕೆಳಗೆ.

ಕ್ಲೆಮ್ ಅದನ್ನು ಓದಲಿಲ್ಲ. ಕುಂಚವನ್ನು ಡಬ್ಬಿಯೊಳಗೆ ಮೆಲ್ಲಗೆ ಇಟ್ಟು, ಕೆಳಗೆ ಬಗ್ಗಿ, ಊಟಕ್ಕೆ ಕರೆಯುವಂಥ ಸಾಧಾರಣ ದನಿಯಲ್ಲಿ, "ಎಲ್ಲರೂ ಗೇಟಿನ ಕಡೆ ನಡೀರಿ. ಓಡ್ಬೇಡಿ. ಈ ಕೆಳಗೆ ಬರ್ಬೇಡಿ, ಆ ಕಡೆಯಿಂದ ಹೋಗಿ" ಎಂದ. ಆ ದನಿ ಕೇಳಿ ಯಾರೂ ಪ್ರಶ್ನೆ ಕೇಳಲಿಲ್ಲ. ಪೈ ತಿಂದವನು ಕಾಗದವನ್ನು ಜೇಬಿಗೆ ಹಾಕಿಕೊಂಡು ನಡೆದ. ಟ್ರೆವ್ ಮಾತ್ರ ಹಿಂದೆ ತಿರುಗಿ ಅವಳನ್ನು ನೋಡಿದ.

"ನಾಲ್ಕನೇ ಸಾಲು ನಿಲ್ಸು ಟ್ರೆವ್," ಎಂದಳು.

"ಪೂರ್ತಿನಾ? ಮೊರಿಸ್‌ನ ಒಂದು ಮಾತು ಕೇಳ್ಬೇಕಾಗುತ್ತೆ."

"ಕೇಳ್ಬೇಡ. ನಿಲ್ಸು. ನಿಲ್ಸಿದ್ದು ಮರೀಸಾ ವೆಲ್ಲಾ ಅಂತ ಬರ್ಕೋ."

ಟ್ರೆವ್ ವಾಕಿಟಾಕಿ ಬಾಯಿಗೆ ಹಿಡಿದು ನಡೆಯುತ್ತಲೇ ಮಾತಾಡಿದ. ಇಬ್ಬರೂ ಅಟ್ಟಣಿಗೆ ಇಳಿದು, ದಾರಿಗೆ ಅಡ್ಡಲಾಗಿ ಕೆಂಪು ಪಟ್ಟಿ ಕಟ್ಟಿ, ಐವತ್ತು ಹೆಜ್ಜೆ ದೂರದ ತಡೆಗೋಡೆಯ ಹಿಂದೆ ನಿಂತರು. ಹದಿನೈದು ವರ್ಷದಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಕೊಳವೆಯ ಸದ್ದು ಇಳಿಯತೊಡಗಿತು. ಮೊದಲು ಗಂಟಲಿಗೆ ಇಳಿಯಿತು, ಆಮೇಲೆ ಗೊರಗೊರ, ಆಮೇಲೆ ಬಿಟ್ಟು ಬಿಟ್ಟು. ಕೊನೆಗೆ ಏನೂ ಇಲ್ಲ. ಮ್ಯಾಂಗ್ರೋವ್ ಪೊದೆಗಳ ಕಡೆಯಿಂದ ಹಕ್ಕಿಗಳ ಗದ್ದಲ ಕೇಳಿಸಿತು. ಅಲ್ಲಿ ಅಷ್ಟು ಹಕ್ಕಿಗಳಿವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ.

"ಇದನ್ನ ಯಾವಾಗ ಕಿತ್ತೆ?" ಎಂದ ಕ್ಲೆಮ್. ಚೂರು ಇನ್ನೂ ಅವನ ಕೈಯಲ್ಲೇ ಇತ್ತು.

"ಮಂಗಳವಾರ."

ಅವನು ತಲೆಯಾಡಿಸಿದ. ಕೈಗವಸು ಕಳಚಿ, ಫೋನು ತೆಗೆದು, ದಪ್ಪ ಬೆರಳಿನಿಂದ ಏನನ್ನೋ ಹುಡುಕಿದ. ಸಿಕ್ಕಿತು. ಅವಳ ಕಡೆ ತಿರುಗಿಸಲಿಲ್ಲ, ತಾನೇ ನೋಡುತ್ತ ನಿಂತ. ಯಾವ ಫೋಟೋ ಎಂದು ಅವಳಿಗೆ ಗೊತ್ತಿತ್ತು.

"ಆ ಕಡೆ ಬೆಳಕು ಚೆನ್ನಾಗಿದೆ ಅಂದೆ ನೀನು," ಎಂದ. "ಪಾಮ್ ಮನೇಗೆ ಹೋಗಿ ಕೇಳಿದ್ಲು, ಆ ಹುಡುಗಿಗೆ ನನ್ನ ಮೇಲೆ ಯಾಕೆ ಸಿಟ್ಟು ಅಂತ. ಕೆಲಸದ ಒತ್ತಡ ಅಂದೆ ನಾನು."

"ನಿನ್ನ ಕೊನೇ ವಾರ ಕ್ಲೆಮ್. ಹಾಳು ಮಾಡೋದು ಬೇಡ ಅಂತ ನಾನು..."

"ನನ್ನ ಹೆಸರು ಅದಕ್ಕೆ ಎಳೀಬೇಡ." ದನಿ ಏರಿಸಲಿಲ್ಲ. ಫೋನು ಜೇಬಿಗೆ ಹಾಕಿ, ಚೂರನ್ನು ಅವಳ ಕೈಗೆ ವಾಪಸು ಕೊಟ್ಟ. "ಬಣ್ಣ ಹಚ್ಚಿದ್ದು ನಾನು. ಮೂವತ್ತೊಂದು ವರ್ಷದ ಕಸುಬು ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ದೆ, ನನಗೂ ಹೊಳೀಲಿಲ್ಲ. ಅದನ್ನ ನಾನು ಹೊರ್ತೀನಿ. ಮೂರು ದಿನ ನಿಂದು ಮಗಳೇ, ಅದನ್ನ ನೀನೇ ಹೊತ್ಕೋಬೇಕು." ಸ್ವಲ್ಪ ದೂರ ಹೋದವನು ನಿಂತು, ತಿರುಗದೆ, "ಆ ಫಿಜಿಯವನು ಕರೆಕ್ಟಾಗಿ ಅಳೆದಿದ್ದ ಅಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಕ್ಯಾಂಟೀನಿನ ಕಡೆಯಿಂದ ಸಾಸೇಜು ಬೇಯುವ ವಾಸನೆ ಬರುತ್ತಿತ್ತು. ಅವನ ಭಾಷಣ ಕೇಳಲು ತಾನು ಹೋಗಲಾರೆ ಎಂದು ಅವಳಿಗೆ ಅರ್ಥವಾಯಿತು. ಯಾರೂ ತಡೆಯುವುದಿಲ್ಲ, ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಅವಳ ಮುಂದೆಯೂ ಬರುತ್ತದೆ, ಆದರೂ ಹೋಗಲಾರಳು.

ಇಸಿಕೇಲಿಯ ನಂಬರು ಆ ಹಳೆಯ ಹಾಳೆಯ ಮೂಲೆಯಲ್ಲಿತ್ತು, ಅವನದೇ ದುಂಡು ಅಕ್ಷರ. ಬೆಳಿಗ್ಗೆ ಕಡತ ತೆರೆದು ಮುಚ್ಚಿ ಮಾಡುವಾಗ ಅವಳ ಕಣ್ಣು ಅದನ್ನು ಬಾಯಿಪಾಠ ಮಾಡಿಕೊಂಡಿತ್ತು. ಗೋಡೆಯ ಹಿಂದೆಯೇ ನಿಂತು ಒತ್ತಿದಳು. ಐದು ಸಲ ರಿಂಗಾಯಿತು. ಎತ್ತದಿದ್ದರೆ ಸಾಕು ಎಂದು ಆರನೇ ರಿಂಗಿಗೆ ಅನ್ನಿಸಿದ್ದು ನಿಜ. ಎತ್ತಿದ. ಹಿಂದೆ ಪೆಟ್ಟಿಗೆಗಳನ್ನು ಜರುಗಿಸುವ ಸದ್ದು, ಯಾರದೋ ಹಾಡು.

"ಇಸಿಕೇಲಿ, ನಾನು ಮರೀಸಾ ವೆಲ್ಲಾ. ಕಾರ್ಖಾನೆಯಿಂದ."

ಆ ಕಡೆ ಅವನು ಎಲ್ಲಿಗೋ ನಡೆದುಹೋಗುವುದು ಕೇಳಿಸಿತು. ಹಾಡು ದೂರವಾಯಿತು, ಒಂದು ಬಾಗಿಲು ಮುಚ್ಚಿತು. ಕ್ಷಮೆ ಕೇಳುವ ವಾಕ್ಯವನ್ನು ಅವಳು ಜೋಡಿಸಿಕೊಳ್ಳುತ್ತಿರುವಾಗಲೇ ಅವನು ತನ್ನ ಸಣ್ಣ ದನಿಯಲ್ಲಿ ಕೇಳಿದ.

"ಒಂಬತ್ತನೇ ತಿರುವಾ ಮೇಡಂ? ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಈಗ ನಿಲ್ಸಿದೀವಿ."

ಅವನು ಉಸಿರು ಬಿಟ್ಟದ್ದು ಫೋನಿನಲ್ಲಿ ಬಹಳ ಉದ್ದಕ್ಕೆ ಕೇಳಿಸಿತು. ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು.

"ಎರಡು ವರ್ಷ ಆಯ್ತು ಮೇಡಂ," ಎಂದ ಇಸಿಕೇಲಿ. "ದಿನಾ ಬೆಳಿಗ್ಗೆ ರೇಡಿಯೋ ಹಾಕಿ ಮೊದಲು ನಿಮ್ಮೂರ ಸುದ್ದಿ ಕೇಳ್ತೀನಿ. ಆಮೇಲೇ ಕೆಲಸಕ್ಕೆ ಹೋಗೋದು."